ಪದಚರ್ಚೆ: ‘ನಾನ್-ಕಾಂಪೀಟ್’, ‘ಟ್ರೇಡ್ ಸೀಕ್ರೆಟ್’ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಮಾನ್ಯರೆ, ಸಾಫ್ಟ್‌ವೇರ್ ನೌಕರರ ನೇಮಕಾತಿ ಕರಾರೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ‘ಕೆಲಸ ಬಿಟ್ಟ ದಿನದಿಂದ 12 ತಿಂಗಳವರೆಗೆ ನೌಕರನು ಪ್ರತಿಸ್ಪರ್ಧಿ ಕಂಪನಿಯನ್ನು ಸೇರತಕ್ಕದ್ದಲ್ಲ’ ಎಂಬ ‘ನಾನ್-ಕಾಂಪೀಟ್’ ಷರತ್ತಿಗೆ ‘ಸ್ಪರ್ಧಾನಿಷೇಧ’ ಎಂದೂ, ಕಂಪನಿ ಗೋಪ್ಯವಾಗಿ ಕಾಯ್ದುಕೊಳ್ಳುವ ಮಾಹಿತಿಯಾದ ಟ್ರೇಡ್ ಸೀಕ್ರೆಟ್‌ಗೆ ‘ವ್ಯಾಪಾರ ರಹಸ್ಯ’ ಎಂದೂ ಬರೆದಿದ್ದೇನೆ. ಎರಡೂ ಸಮಾಧಾನ ತಂದಿಲ್ಲ.

ಉತ್ತರ:
‘ನಿಷೇಧ’ ಸಲ್ಲದು. ನಿಷೇಧಿಸುವ ಅಧಿಕಾರ ಕಾನೂನಿನದು. ಇಬ್ಬರು ಸಹಿ ಹಾಕಿ ಒಪ್ಪಿಕೊಂಡದ್ದು ನಿರ್ಬಂಧ ಮಾತ್ರ. ಭಾರತದ 1872ರ ಕರಾರು ಕಾಯಿದೆಯ 27ನೆಯ ಸೆಕ್ಷನ್, ನ್ಯಾಯಬದ್ಧವಾದ ವೃತ್ತಿಯನ್ನಾಗಲಿ ವ್ಯಾಪಾರವನ್ನಾಗಲಿ ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ, ಎಂದರೆ ಕಾನೂನಿನ ಮುಂದೆ ನಿಲ್ಲದ್ದು, ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾನೂನೂ ಬಹುಮಟ್ಟಿಗೆ ಹಾಗೆಯೇ ಇದೆ. ಇಂಥ ಷರತ್ತಿಗೆ ‘ನಿಷೇಧ’ದ ಪಟ್ಟ ಕಟ್ಟಿದರೆ ನೌಕರನನ್ನು ಹೆದರಿಸಿದ ಪುಣ್ಯ ಅನುವಾದಕರಿಗೇ ಬರುತ್ತದೆ. ‘ಸ್ಪರ್ಧಾ ನಿರ್ಬಂಧ’ ಎನ್ನಿ. ‘ಅಸ್ಪರ್ಧಾ ಕರಾರು’ ಎಂದು ಯಾರೂ ಸೂಚಿಸಬೇಡಿ. ಅಸ್ಪರ್ಧೆಯೆಂದರೆ ಸ್ಪರ್ಧೆ ಇಲ್ಲದಿರುವುದು, ಅಷ್ಟೆ.

‘ವ್ಯಾಪಾರ ರಹಸ್ಯ’ ಇರಲಿ. ವ್ಯಾಪಾರಕ್ಕೆ ಮೂಲದಲ್ಲಿ ‘ತೊಡಗುವಿಕೆ, ಕೆಲಸ’ ಎಂಬ ಅರ್ಥ. ‘ಮನೋವ್ಯಾಪಾರ’ದಲ್ಲಿ ಅದು ಇಂದಿಗೂ ಉಳಿದಿದೆ.

ಮತ್ತೊಬ್ಬರು:
ಧಾತುಪಾಠ ಯಾರಿಗೆ ಬೇಕು? ಓದುಗನಿಗೆ ವ್ಯಾಪಾರವೆಂದರೆ ಕೊಡುಕೊಳ್ಳುವಿಕೆ. ‘ಗುಟ್ಟು’ ಎಂಬ ಅಚ್ಚಗನ್ನಡ ಪದವಿರುವಾಗ ‘ರಹಸ್ಯ’ ಏಕೆ? ‘ಪೈಪೋಟಿ ತಡೆ’, ‘ಕಸುಬಿನ ಗುಟ್ಟು’. ಮುಗಿಯಿತು.

ಮೊದಲಿನವರು:
ಮುಗಿಯಲಿಲ್ಲ. ಬೌದ್ಧಿಕ ಆಸ್ತಿಯ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಟ್ರಿಪ್ಸ್‌ನ 39ನೆಯ ವಿಧಿಯ ಪ್ರಕಾರ, ಇಂಥ ಮಾಹಿತಿಗೆ ರಕ್ಷಣೆ ಸಿಗಲು ಅದು ಗೋಪ್ಯವಾಗಿರಬೇಕು, ಗೋಪ್ಯವಾಗಿರುವುದರಿಂದಲೇ ಅದಕ್ಕೆ ವಾಣಿಜ್ಯ ಮೌಲ್ಯ ಬಂದಿರಬೇಕು, ಅದನ್ನು ಕಾಯಲು ಹಕ್ಕುದಾರನು ತಕ್ಕ ಕ್ರಮ ಕೈಗೊಂಡಿರಬೇಕು. ರಾಜೀನಾಮೆಯ ಹಿಂದಿನ ರಾತ್ರಿ ಪೆನ್‌ಡ್ರೈವಿಗೆ ಇಳಿಸಿಕೊಂಡ ಸೋರ್ಸ್ ಕೋಡ್ ಇದರೊಳಗೆ ಬರಬಹುದು. ಹತ್ತು ವರ್ಷ ಕೋಡ್ ಬರೆದು ಕೈಗೆ ಹತ್ತಿದ ಚಳಕ ಬರುವುದಿಲ್ಲ. ಕನ್ನಡದಲ್ಲಿ ‘ಕಸುಬಿನ ಗುಟ್ಟು’ ಎಂದೊಡನೆ ನೆನಪಾಗುವುದು ಆ ಕೈಚಳಕವೇ. ನಿಮ್ಮ ಪದ, ನೌಕರನು ತನ್ನೊಡನೆ ಒಯ್ಯಬಹುದಾದದ್ದನ್ನೇ ಕಂಪನಿಗೆ ಬರೆದುಕೊಡುತ್ತದೆ. ಅಂದಹಾಗೆ, ರಹಸ್ಯವನ್ನು ಹೊರಗಟ್ಟಿದ ತಾವು ಅರಬ್ಬಿ ಮೂಲದ ‘ಕರಾರ’ನ್ನು ಮುಟ್ಟಲಿಲ್ಲ.

ಮತ್ತೊಬ್ಬರು:
ಕರಾರು ಜನರ ಬಾಯಲ್ಲಿ ಸವೆದು ಕನ್ನಡವಾಗಿದೆ. ನಿಮ್ಮ ಸಮಾಸಗಳು ಕಡತದಲ್ಲೇ ಹುಟ್ಟಿ ಕಡತದಲ್ಲೇ ಸಾಯುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ತಲೆಬರಹಕ್ಕೆ ‘ಸ್ಪರ್ಧಾ ನಿರ್ಬಂಧ’ ಇಟ್ಟುಕೊಂಡಿದ್ದೇನೆ. ‘ವ್ಯಾಪಾರ’ ಅಂಗಡಿಯತ್ತ ಎಳೆಯುವುದರಿಂದ ‘ಉದ್ಯಮ ರಹಸ್ಯ’ ಎಂದು ತಿದ್ದಿ, ನೌಕರನ ಸ್ವಂತ ಅನುಭವ ಮತ್ತು ಕೌಶಲ ಇದರಲ್ಲಿ ಸೇರುವುದಿಲ್ಲವೆಂಬ ವಾಕ್ಯ ಮೂಲದಲ್ಲಿದೆಯೇ ಎಂದು ಕರಾರು ಬರೆದ ವಕೀಲರನ್ನು ಕೇಳಿದ್ದೇನೆ.