ಸಹಾಯ ಬೇಕು: ಮಡಿಕೇರಿಯಲ್ಲಿ ಭೂವಿಜ್ಞಾನ ಕ್ಷೇತ್ರಾಧ್ಯಯನಕ್ಕೆ ಸಿದ್ಧತೆ

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ತಂಡ ಮಡಿಕೇರಿಯಲ್ಲಿ ಉಳಿದು, ಸುತ್ತಲಿನ ನೈಸ್ (gneiss, ಪಟ್ಟೆಪಟ್ಟೆಯಾಗಿ ಕಾಣುವ ರೂಪಾಂತರ ಶಿಲೆ) ಶಿಲೆಗಳನ್ನೂ 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳನ್ನೂ ಹತ್ತು ದಿನ ಅಭ್ಯಸಿಸಲಿದೆ. ಸುತ್ತಿಗೆ, ಮಸೂರ, ಓರೆ ಅಳೆಯುವ ಕ್ಲೈನೋಮೀಟರ್ ಸಿದ್ಧವಾಗಿವೆ. ನನ್ನ ಚಿಂತೆಯೆಲ್ಲ ಮಳೆಯದು. ಹಿಂದಿನ ಪ್ರವಾಸದಲ್ಲಿ ಶಾಯಿಯಲ್ಲಿ ಬರೆದಿದ್ದ ಶಿಲಾಪದರಗಳ ಓರೆಯ ಅಳತೆಗಳು ಒಂದೇ ಮಳೆಗೆ ನೀಲಿ ಕಲೆಯಾಗಿ ಹೋದವು, ಆದ್ದರಿಂದ ಈ ಬಾರಿ ಪೆನ್ಸಿಲನ್ನು ಮಾತ್ರ ಒಯ್ಯುತ್ತೇನೆ.

ತೋಟದಲ್ಲಿ ದಿನವೂ ಓಡಾಡುವವರು ದಯವಿಟ್ಟು ತಿಳಿಸಿ: ಜಿಗಣೆಗೆ ಉಪ್ಪಿನ ಗಂಟು ಸಾಕೇ, ಹೊಗೆಸೊಪ್ಪು, ಸುಣ್ಣವೂ ಬೇಕೇ? ಜಾರುವ ಕೆಂಪು ಮಣ್ಣಿನ ಇಳಿಜಾರಿಗೆ ಗಂಬೂಟು ಒಳ್ಳೆಯದೋ, ಹಿಡಿತವಿರುವ ಟ್ರೆಕ್ಕಿಂಗ್ ಬೂಟೋ? ಎಲ್ಲಕ್ಕಿಂತ ಮುಖ್ಯವಾಗಿ, ಜನರು ಮನೆ, ತೋಟ ಕಳೆದುಕೊಂಡ ಊರುಗಳಿಗೆ ಸುತ್ತಿಗೆ ಹಿಡಿದು ಹೋಗುವ ಮುನ್ನ ಯಾರನ್ನು ಕಂಡು ಅನುಮತಿ ಕೇಳಬೇಕೆಂಬುದನ್ನು ಅಲ್ಲಿನವರೇ ಹೇಳಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.