ನೀರಿನಡಿಯ ಗೇಟಿನ ಮೇಲಿನ ಬಲ: ಯಾವ ಆಳವನ್ನು ಹಿಡಿಯಬೇಕು?

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಗಂಗಾವತಿ): ನಮಸ್ಕಾರ ಸರ್. ನೆಟ್ಟಗೆ ನಿಂತ ತೂಬಿನ ಗೇಟೊಂದು 1.5 ಮೀಟರ್ ಅಗಲ, 2 ಮೀಟರ್ ಎತ್ತರವಿದ್ದು, ಅದರ ಮೇಲಂಚು ನೀರಿನ ಮಟ್ಟದಿಂದ 3 ಮೀಟರ್ ಕೆಳಗಿದೆ. ಕೀಲು ಮೇಲಂಚಿನಲ್ಲಿದೆ. ನಾನು ತಳದ ಆಳವಾದ 5 ಮೀಟರನ್ನು ಹಿಡಿದು 147 ಕಿಲೋನ್ಯೂಟನ್ ಎಂದೆ; ಗೆಳೆಯ 4 ಮೀಟರ್ ಹಿಡಿದು 117.7 ಎಂದ. ಯಾವುದು ಸರಿ? ಗೇಟು ತೆರೆಯದಂತೆ ಕೆಳಂಚಿನಲ್ಲಿ ಎಷ್ಟು ಬಲ ಕೊಡಬೇಕು?

ಉತ್ತರ (ನಿವೃತ್ತ ನೀರಾವರಿ ಎಂಜಿನಿಯರ್, ಮುನಿರಾಬಾದ್): ನಿಮ್ಮ ಗೆಳೆಯರ ಲೆಕ್ಕ ಸರಿ. ಒತ್ತಡ ಮೇಲಂಚಿನಿಂದ ಕೆಳಂಚಿನವರೆಗೆ ಒಂದೇ ಸಮನೆ ಏರುತ್ತ ಹೋಗುವುದರಿಂದ ಅದರ ಸರಾಸರಿ ಗೇಟಿನ ನಡುಮಧ್ಯದಲ್ಲಿ, ಅಂದರೆ 4 ಮೀಟರ್ ಆಳದಲ್ಲಿ ಸಿಗುತ್ತದೆ, ಅದನ್ನು ಒಂದು ಘನ ಮೀಟರ್ ನೀರಿನ ತೂಕವಾದ 9.81 ಕಿಲೋನ್ಯೂಟನ್‌ನಿಂದಲೂ 3 ಚದರ ಮೀಟರ್ ವಿಸ್ತೀರ್ಣದಿಂದಲೂ ಗುಣಿಸಿದರೆ 117.7 ಕಿಲೋನ್ಯೂಟನ್ ಬರುತ್ತದೆ. ಗೇಟಿನ ಆಚೆ ಬದಿಯಲ್ಲಿ ನೀರಿಲ್ಲ ಎಂದು ಭಾವಿಸಿದ್ದೇನೆ.

ಆದರೆ ಹೆಚ್ಚಿನವರು ಎಡವುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ಬಲದ ಪ್ರಮಾಣವನ್ನು ನಡುಮಧ್ಯದಿಂದ ಕಂಡುಕೊಂಡರೂ ಆ ಬಲ ನಾಟುವ ಜಾಗ ನಡುಮಧ್ಯವಲ್ಲ. ಕೆಳಭಾಗದಲ್ಲಿ ಒತ್ತಡ ಹೆಚ್ಚಿರುವುದರಿಂದ ಒತ್ತಡ ಕೇಂದ್ರ, ಅಂದರೆ ಒಟ್ಟು ಬಲ ನಾಟುವ ಬಿಂದು, ನಡುಮಧ್ಯಕ್ಕಿಂತ ತುಸು ಕೆಳಗಿರುತ್ತದೆ. ಎಷ್ಟು ಕೆಳಗೆ ಎಂಬುದಕ್ಕೆ ಗೇಟಿನ ಮೊಮೆಂಟ್ ಆಫ್ ಇನರ್ಷಿಯಾವನ್ನು, ಅಂದರೆ ಅಗಲವನ್ನು ಎತ್ತರದ ಘನದಿಂದ ಗುಣಿಸಿ 12ರಿಂದ ಭಾಗಿಸಿ ಬರುವ 1 ಎಂಬ ಸಂಖ್ಯೆಯನ್ನು, ವಿಸ್ತೀರ್ಣ ಮತ್ತು ಮಧ್ಯದ ಆಳಗಳ ಗುಣಲಬ್ಧವಾದ 12ರಿಂದ ಭಾಗಿಸಬೇಕು. ಉತ್ತರ 0.083 ಮೀಟರ್. ಹಾಗಾಗಿ ಕೀಲಿನಿಂದ ಬಲದ ದೂರ 1.083 ಮೀಟರ್; 117.7ನ್ನು ಇದರಿಂದ ಗುಣಿಸಿ, ಕೀಲಿನಿಂದ ಕೆಳಂಚಿಗಿರುವ 2 ಮೀಟರಿನಿಂದ ಭಾಗಿಸಿದರೆ ಕೆಳಂಚಿನಲ್ಲಿ ಬೇಕಾದ ಬಲ ಸುಮಾರು 63.8 ಕಿಲೋನ್ಯೂಟನ್. ನಡುಮಧ್ಯವನ್ನೇ ಹಿಡಿದಿದ್ದರೆ 58.9 ಎಂದು ಬರುತ್ತಿತ್ತು. ಎಂಟು ಸೆಂಟಿಮೀಟರ್ ಎಂದು ಕಡೆಗಣಿಸಿದರೆ ಅರ್ಧ ಟನ್ನಿನಷ್ಟು ಬಲ ಕಡಿಮೆ ಬೀಳುತ್ತದೆ, ಅದೂ ಅಪಾಯದ ಕಡೆಗೆ.

ಮರುಪ್ರಶ್ನೆ: ತುಂಗಭದ್ರೆಯ ಹಿನ್ನೀರು ಮೈಲಿಗಟ್ಟಲೆ ಹರಡಿದೆಯಲ್ಲ ಸರ್, ಅಷ್ಟೂ ನೀರು ಅಣೆಕಟ್ಟಿನ ನೆತ್ತಿಯಲ್ಲಿರುವ ಕ್ರಸ್ಟ್ ಗೇಟನ್ನು ತಳ್ಳುವುದಿಲ್ಲವೇ?

ಉತ್ತರ: ಇಲ್ಲ. ನಿಂತ ನೀರಿನ ಒತ್ತಡ ಆಳವನ್ನು ಮಾತ್ರ ಅವಲಂಬಿಸಿದೆ. ಗೇಟಿನ ಹಿಂದೆ ಒಂದು ಗಜ ಅಗಲದ ತೊಟ್ಟಿಯಿದ್ದರೂ ಅಷ್ಟೇ ಬಲ ಬೀಳುತ್ತದೆ. ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರವಿದೆ. ನೀರು ಗೇಟಿನ ಮೇಲಂಚಿನವರೆಗೆ ನಿಂತಾಗ ಮಧ್ಯದ ಆಳ 3.05 ಮೀಟರ್, ವಿಸ್ತೀರ್ಣ ಸುಮಾರು 111.5 ಚದರ ಮೀಟರ್. ಒಂದೊಂದು ಗೇಟಿನ ಮೇಲೂ ಸುಮಾರು 340 ಟನ್ ಬಲ ಬೀಳುತ್ತದೆ, ಅದು ನಾಟುವುದು ತಳದಿಂದ ಎರಡು ಮೀಟರ್ ಮೇಲೆ. ಈ ಬಲವನ್ನು ಹೊರುವುದು ಎರಡೂ ಬದಿಯ ಕಂಬಗಳು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟಿನಲ್ಲಿ ತುಂಡಾದ ಚೈನಿನ ಕೆಲಸವೇ ಬೇರೆ: ಗೇಟಿನ ಸ್ವಂತ ಭಾರವನ್ನೂ, ಎತ್ತುವಾಗ ಈ ಒತ್ತಡದಿಂದ ಹುಟ್ಟುವ ಘರ್ಷಣೆಯನ್ನೂ ಅದು ತಾಳಬೇಕು. ಆದ್ದರಿಂದ ಚೈನಿನ ಲೆಕ್ಕಕ್ಕೆ 340 ಟನ್ನನ್ನು ನೇರವಾಗಿ ಹಾಕಬೇಡಿ. ಅದರಿಂದ ಘರ್ಷಣೆಯನ್ನು ಕಂಡುಕೊಂಡು ಗೇಟಿನ ಭಾರಕ್ಕೆ ಕೂಡಿಸಿ.