ಚೆಸ್ಟರ್‌ಫೀಲ್ಡ್ ಚರ್ಚಿನ ಸೊಟ್ಟ ಶಿಖರ: ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ

ಚಿಕ್ಕಪ್ಪ: (ಫಾರ್ವರ್ಡ್ ಬಂದ ಫೋಟೊ) "ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಚರ್ಚ್. ಹಳೇ ಕಾಲದವರು ಬೇಕಂತಲೇ ತಿರುಚಿ ಕಟ್ಟಿದ ಶಿಖರ. ಇಂದಿನ ಎಂಜಿನಿಯರ್‌ಗಳಿಗೂ ಬಿಡಿಸಲಾಗದ ರಹಸ್ಯ!" ನೋಡ್ರಪ್ಪಾ, ಎಂಥಾ ಕೈಚಳಕ.

ನಾನು: ಚಿಕ್ಕಪ್ಪ, ಫೋಟೊ ನಿಜ, ಬರಹ ಸುಳ್ಳು. ಇದು ಡರ್ಬಿಶೈರ್‌ನ ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚ್. ನಾನು ರೈಲಿನಲ್ಲಿ ಓಡಾಡುವಾಗ ಕಿಟಕಿಯಿಂದಲೇ ಕಾಣುತ್ತದೆ. ಕೆಳಗಿನ ಗೋಪುರ ಕಲ್ಲಿನದು, ಮೇಲಿನ ಶಿಖರದ ಚೌಕಟ್ಟು ಮರದ್ದು. ಕಟ್ಟಿದ್ದು ಸುಮಾರು 1362ರಲ್ಲಿ. ನೇರವಾಗಿ ಕಟ್ಟಿದ್ದು ಆಮೇಲೆ ತಿರುಚಿಕೊಂಡಿದೆ.

ಚಿಕ್ಕಪ್ಪ: ತಾನಾಗಿ ತಿರುಚಿದ್ದರೆ ಯಾವತ್ತೋ ಬಿದ್ದಿರುತ್ತಿತ್ತು. 650 ವರ್ಷ ನಿಂತಿದೆ ಅಂದರೆ ಲೆಕ್ಕ ಹಾಕಿಯೇ ಕಟ್ಟಿದ್ದಾರೆ.

ನಾನು: ಬೇಕಂತಲೇ ಮಾಡಿದ್ದರೆ ಬರೀ ತಿರುವು ಇರಬೇಕಿತ್ತು. ಇದು 45 ಡಿಗ್ರಿ ತಿರುಗಿದೆ, ಜೊತೆಗೆ ವಾಲಿಯೂ ಇದೆ. ತುದಿ ಇರಬೇಕಾದ ಜಾಗದಿಂದ 9 ಅಡಿ 6 ಅಂಗುಲ ಪಕ್ಕಕ್ಕೆ ಹೋಗಿದೆ. ಒಟ್ಟು ಎತ್ತರ 228 ಅಡಿ. ಲೆಕ್ಕ ಹಾಕಿ ಕಟ್ಟುವ ಯಾವ ಮೇಸ್ತ್ರಿ ಹಾಗೆ ಮಾಡುತ್ತಾನೆ?

ಭಾವ: ಹಸಿ ಮರ. ಓಕ್ ಒಣಗುವ ಮೊದಲೇ ಬಳಸಿದರು, ಆಮೇಲೆ ಸೊಟ್ಟಗಾಯಿತು. ಅಷ್ಟೇ ವಿಷಯ. ಸಿವಿಲ್ ಓದಿದ ಯಾರನ್ನು ಬೇಕಾದರೂ ಕೇಳು.

ನಾನು: ಭಾವ, ಅಷ್ಟಕ್ಕೇ ನಿಲ್ಲಿಸಬೇಡಿ. ಆಗಿನ ಬಡಗಿಗಳು ಓಕ್ ಹಸಿ ಇರುವಾಗಲೇ ಕೆಲಸ ಮಾಡುತ್ತಿದ್ದರು. ಒಣಗಿದ ಮೇಲೆ ಅದು ಉಳಿಗೆ ಜಗ್ಗುವುದಿಲ್ಲ. ಹಸಿ ಮರವೊಂದೇ ಕಾರಣವಾಗಿದ್ದರೆ ಆ ಕಾಲದ ಮರದ ಶಿಖರಗಳೆಲ್ಲ ತಿರುಚಬೇಕಿತ್ತು ಅಲ್ವಾ? ಮೇಲಿನ ಹೊದಿಕೆ ನೋಡಿ. ಅದು ಸೀಸ, 30 ಟನ್‌ಗೂ ಜಾಸ್ತಿ. ಅಷ್ಟು ಭಾರ ತಡೆಯುವಷ್ಟು ಬ್ರೇಸಿಂಗ್, ಅಂದರೆ ಚೌಕಟ್ಟನ್ನು ಬಿಗಿಯಾಗಿ ಹಿಡಿಯುವ ಓರೆ ಮರಗಳನ್ನು, ಒಳಗೆ ಕೊಟ್ಟಿಲ್ಲ. ಅಲ್ಲಿ ಬಿಸಿಲು ಬೀಳುವುದು ದಕ್ಷಿಣದ ಮಗ್ಗುಲಿಗೆ. ಆ ಕಡೆಯ ಸೀಸ ಕಾದು ಹಿಗ್ಗುತ್ತದೆ, ಉತ್ತರದ ಕಡೆಯದು ತಣ್ಣಗಿರುತ್ತದೆ. ದಿನಾ ಈ ಎಳೆದಾಟ. ಬಿಗಿಯಿಲ್ಲದ ಚೌಕಟ್ಟು, ತಲೆ ಮೇಲೆ ಭಾರ, ಒಣಗುತ್ತಿರುವ ಮರ. ಎಲ್ಲ ಸೇರಿಯೇ ಹೀಗಾಗಿದೆ.

ಭಾವ: ಬ್ರೇಸಿಂಗ್ ಕಮ್ಮಿ ಅನ್ನುವುದನ್ನು ಒಪ್ಪಿದೆ. ಬಿಸಿಲಿಗೆ ಅಷ್ಟು ಶಕ್ತಿ ಎಲ್ಲಿಂದ? ಅದೂ ಇಂಗ್ಲೆಂಡಿನಲ್ಲಿ?

ನಾನು: ಸೀಸ ಕಬ್ಬಿಣದ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಬಿಸಿಲು ಕಮ್ಮಿ ಇರಬಹುದು, ಕಾಲ ಕಮ್ಮಿಯಲ್ಲ. ಇನ್ನೊಂದು ವಿಷಯ, ಶಿಖರಕ್ಕೆ ಎಂಟು ಮುಖ. ಸೀಸದ ಹಾಳೆಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ್ದಾರೆ. ಅದರಿಂದ ತಿರುವು ಕಣ್ಣಿಗೆ ಇನ್ನೂ ಜಾಸ್ತಿ ಹೊಡೆಯುತ್ತದೆ.

ಅಕ್ಕ: ಪ್ಲೇಗ್ ಮರೆತುಬಿಟ್ಟೆಯಾ? 1348-49ರಲ್ಲಿ ಇಂಗ್ಲೆಂಡ್ ಅರ್ಧ ಖಾಲಿಯಾಗಿತ್ತು. 1361ರಲ್ಲಿ ಮತ್ತೆ ಬಂತು. ಅನುಭವ ಇದ್ದ ಬಡಗಿಗಳು ಎಷ್ಟು ಜನ ಉಳಿದಿದ್ದರೋ. ಅರ್ಧ ಕಲಿತವರ ಕೈಗೆ ಕೆಲಸ ಬಂದಿರುತ್ತದೆ.

ನಾನು: ಕಾಲವೇನೋ ಹೊಂದುತ್ತದೆ ಅಕ್ಕ. ಬ್ರೇಸಿಂಗ್ ಯಾಕೆ ಬಿಟ್ಟರು ಅನ್ನುವುದಕ್ಕೂ ಉತ್ತರ ಸಿಕ್ಕಂತಾಗುತ್ತದೆ. ಆದರೆ ಅದು ಊಹೆ, ಊಹೆ ಅಂತಲೇ ಹೇಳೋಣ. ಸೀಸ, ಮರ ಎರಡೂ ಕಣ್ಣೆದುರಿಗಿವೆ.

ದೊಡ್ಡಮ್ಮ: ಅದನ್ನ ನೇರ ಮಾಡಬಾರದಾ ಮಗಾ? ಸೊಟ್ಟ ಶಿಖರ ಇಟ್ಟುಕೊಂಡು ಪೂಜೆ ಮಾಡ್ತಾರಾ?

ನಾನು: ಮಾಡ್ತಾರೆ ದೊಡ್ಡಮ್ಮ, ಪ್ರೀತಿಯಿಂದಲೇ. ಸೈತಾನ ಶಿಖರಕ್ಕೆ ಬಾಲ ಸುತ್ತಿಕೊಂಡು ಕೂತಿದ್ದ, ಒಳಗಿನ ಧೂಪದ ಹೊಗೆಗೆ ಸೀನಿದ, ಆಗ ತಿರುಚಿತು ಅಂತ ಕಥೆಯೂ ಇದೆ. ಊರಿನ ಫುಟ್‌ಬಾಲ್ ತಂಡಕ್ಕೆ 'ಸ್ಪೈರೈಟ್ಸ್' ಅಂತಲೇ ಅಡ್ಡಹೆಸರು, ಸ್ಪೈರ್ ಅಂದರೆ ಶಿಖರ. 1961ರ ಡಿಸೆಂಬರ್ 22ರಂದು ಚರ್ಚಿಗೆ ಬೆಂಕಿ ಬಿತ್ತು. 1756ರ ಆರ್ಗನ್ ವಾದ್ಯ ಸುಟ್ಟುಹೋಯಿತು, ಶಿಖರವನ್ನು ಅಗ್ನಿಶಾಮಕದವರು ಉಳಿಸಿಕೊಂಡರು. ಈಗ ಬಿಚ್ಚಿ ನೇರ ಮಾಡಿದರೆ 14ನೇ ಶತಮಾನದ ಮರಗೆಲಸ ಹೋಗಿ ನಮ್ಮ ಕಾಲದ್ದು ಉಳಿಯುತ್ತದೆ. ಆಮೇಲೆ ಅದರಲ್ಲಿ ನೋಡಲು ಏನಿದೆ?

ಚಿಕ್ಕಪ್ಪ: ಸರಿ, ರಹಸ್ಯ ಅಲ್ಲ ಅಂತ ಒಪ್ಪಿದೆ. ಕೈಚಳಕ ಅಲ್ಲ ಅಂದರೆ ಮಾತ್ರ ಒಪ್ಪಲ್ಲ. ಇಷ್ಟು ತಿರುಚಿಯೂ ಬೀಳದ ಹಾಗೆ ಮರ ಜೋಡಿಸಿದವರು ಅರ್ಧ ಕಲಿತವರಲ್ಲ.

ಅಕ್ಕ: ಚಿಕ್ಕಪ್ಪ, ಅದು ನನಗೇ ಹೇಳಿದ್ದು ತಾನೆ?

ನಾನು: ಆ ಮಾತಿನಲ್ಲಿ ನಾನು ಚಿಕ್ಕಪ್ಪನ ಕಡೆ. ಆ ಬರಹ ಮಾತ್ರ ಬೇರೆ ಗುಂಪಿಗೆ ಕಳಿಸಬೇಡಿ.

ಭಾವ: ಒಳಗಿನ ಮರ ನೋಡಲು ಬಿಡುತ್ತಾರಾ?

ನಾನು: ಗೋಪುರ ಹತ್ತಿಸಿ ತೋರಿಸುತ್ತಾರೆ. ನೀವು ಬಂದಾಗ ಹೋಗೋಣ.

ಭಾವ: ಸರಿ. ಬಿಸಿಲಿನ ವಿಷಯ ಅಲ್ಲಿಯವರೆಗೆ ಒಪ್ಪಲ್ಲ.